ಇಸ್ತ್ರಿ ಮೇಜಿನ ಮೇಲೆ ಮೂವತ್ತು ದಿನ

ಮಾರ್ಚ್ 2, ಭಾನುವಾರ. ಬೆಳಿಗ್ಗೆ 7.15

ಉಷ್ಣತೆ 26. ಉಪ್ಪು ಸರಿ. ರಾತ್ರಿ ಆವಿಯಾಗಿ ಹೋದಷ್ಟು ಸಿಹಿನೀರು ಸುರಿದಾಯಿತು. ಗಾಜು ಒರೆಸಿದ್ದೂ ಆಯಿತು. ಹೆಡ್‌ಮಾಸ್ಟರ್ ಎಂದಿನಂತೆ ಬಂಡೆಯ ಸಂದಿಯಿಂದ ಹೊರಗೆ ಬಂದರು, ನನ್ನನ್ನು ನೋಡಿದರು, 'ಓ, ಇವನಾ' ಎಂಬ ಮುಖ ಮಾಡಿ ಒಳಗೆ ಹೋದರು.

ಹೆಡ್‌ಮಾಸ್ಟರ್ ಅಂದರೆ ಮೀನು. ಕಡುಗೆಂಪು ಮೈ, ಮೂರು ಬಿಳಿ ಪಟ್ಟಿ, ಬೆರಳುದ್ದದ ದೇಹ, ಮೊಳದುದ್ದದ ದರ್ಪ. ಒಂಬತ್ತು ವರ್ಷದಿಂದ ಹಾಲ್‌ನ ಉಪ್ಪುನೀರಿನ ಟ್ಯಾಂಕ್‌ನಲ್ಲಿ ವಾಸ. ನಾನು ಹದಿನಾಲ್ಕು ವರ್ಷದಿಂದ ಅದೇ ಹಾಲ್‌ನಲ್ಲಿ, ಗಾಜಿನ ಈಚೆ ಬದಿಗೆ ವಾಸ. ಮನೆ ಮಾವನದು. ಟ್ಯಾಂಕ್ ಮಾವನದು. ಮೀನು ಮಾವನದು. ಉಪ್ಪು ಕದಡುವ ಕೆಲಸ ನನ್ನದು.

ದಿನಾ ಬೆಳಿಗ್ಗೆ ಮಾವ ನೀರಿಗೆ ಕೈ ಇಳಿಬಿಡುತ್ತಾರೆ, ಹೆಡ್‌ಮಾಸ್ಟರ್ ಬಂದು ಕಚ್ಚುತ್ತಾರೆ. ಅವರಿಬ್ಬರ ನಡುವೆ ನಮಸ್ಕಾರ ನಡೆಯುವುದು ಹಾಗೆ. ಜನವರಿಯಲ್ಲಿ ಜೋಡಿ ಮೀನು ಸತ್ತ ಮೇಲೆ ಕಚ್ಚುವುದು ಕಡಿಮೆಯಾಗಿದೆ. "ಒಂಟಿ ಆದ ಗಂಡಸು ಅಳಿಯಂದ್ರೇ, ಹಲ್ಲು ಬೇಗ ಸಡಿಲ ಆಗುತ್ತೆ" ಅಂದರು ಮಾವ. ಅತ್ತೆ ಹೋಗಿ ಆರು ವರ್ಷ. ಈ ಜಾತಿಯಲ್ಲಿ ದೊಡ್ಡದು ಯಾವಾಗಲೂ ಹೆಣ್ಣೇ, ಆದ್ದರಿಂದ ಹೆಡ್‌ಮಾಸ್ಟರ್ ವಾಸ್ತವವಾಗಿ ಹೆಂಗಸು ಎಂದು ಮೀನಿನಂಗಡಿಯವನು ನನ್ನ ಕಿವಿಯಲ್ಲಿ ಹೇಳಿ ಎರಡು ವರ್ಷವಾಯಿತು. ಮಾವನಿಗೆ ತಿಳಿಸುವ ಧೈರ್ಯ ನನಗೂ ಇಲ್ಲ, ಅವನಿಗೂ ಇಲ್ಲ.

ಅದೇ ದಿನ, 11.40

ಫಿಲ್ಟರಿನ ಹತ್ತಿ ತರಲು ಹೋದ ಮಾವ ಹತ್ತಿ ತರಲಿಲ್ಲ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ ತಂದರು. ಒಳಗೆ ಒಂದು ನೀಲಿ ಮೀನು. ಚಪ್ಪಟೆ, ಹಳದಿ ಬಾಲ, ಗಾಬರಿಗಣ್ಣು. ಬರುವ ದಾರಿಯಲ್ಲೇ ನಾಮಕರಣ ಆಗಿದೆ — ನೀಲಮ್ಮ.

"ಚೀಲ ಬಿಚ್ಚಿ" ಅಂದರು.

"ನೇರ ಟ್ಯಾಂಕಿಗೇ ಹಾಕೋದಾ ಮಾವ?"

"ಮತ್ತೆ? ಮನೆಗೆ ಕರ್ಕೊಂಡು ಬಂದು ಹೊಸಿಲಲ್ಲೇ ನಿಲ್ಲಿಸ್ತೀರಾ?"

"ಕ್ವಾರಂಟೈನ್ ಮಾಡ್ಬೇಕು. ಬೇರೆ ಟ್ಯಾಂಕಲ್ಲಿ ಮೂವತ್ತು ದಿನ. ಅಂಗಡಿ ನೀರಲ್ಲಿ ಏನೇನು ಅಂಟಿಸ್ಕೊಂಡು ಬಂದಿದೆಯೋ."

"ಒಂಬತ್ತು ವರ್ಷದಲ್ಲಿ ನಾನು ಒಂದು ಮೀನನ್ನೂ ಕ್ವಾರಂಟೈನ್ ಮಾಡಿಲ್ಲ. ಏನಾಯ್ತು?"

"ಒಂಬತ್ತು ವರ್ಷದಲ್ಲಿ ನೀವು ಒಂದು ಹೊಸ ಮೀನೂ ತಂದಿಲ್ಲ ಮಾವ."

ಮಾವ ಚೀಲವನ್ನು ಬೆಳಕಿಗೆ ಎತ್ತಿ ಮೀನನ್ನೇ ನೋಡತೊಡಗಿದರು.

ಅಂಗಡಿಯವನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಅವನಿಗೆ ಇಟ್ಟ ಹೆಸರು ಸಮುದ್ರರಾಜ. ಸಮುದ್ರವನ್ನು ಒಮ್ಮೆಯೂ ಕಂಡಿಲ್ಲ, ದೋಣಿಯ ಚಿತ್ರ ನೋಡಿದರೂ ತಲೆ ಸುತ್ತುತ್ತದಂತೆ. "ಗಟ್ಟಿಮುಟ್ಟಾದ ಮೀನು ಸರ್, ಎರಡು ವಾರದಿಂದ ನಮ್ಮಲ್ಲೇ ಇತ್ತು" ಅಂದ. ಆ ಎರಡು ವಾರದಲ್ಲಿ ಅದೇ ನೀರಿಗೆ ಬೇರೆ ಹೊಸ ಮೀನು ಎಷ್ಟು ಬಂದವು ಎಂದು ಕೇಳಿದೆ. "ಅದು... ಬರ್ತಾ ಇರ್ತವೆ, ಹೋಗ್ತಾ ಇರ್ತವೆ ಸರ್. ಅಂಗಡಿ ಅಲ್ವಾ."

ಕೊನೆಗೆ ತೀರ್ಪು ಕೊಟ್ಟವಳು ಹೆಂಡತಿ. ಚೀಲದೊಳಗಿನ ಮೀನನ್ನು ನೋಡಿದಳು, ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಮೂವರಲ್ಲಿ ಮೀನಿನ ಮೇಲೆ ಮಾತ್ರ ಕರುಣೆ ಬಂದಂತಿತ್ತು. "ಇಸ್ತ್ರಿ ಮೇಜು ಕೊಡ್ತೀನಿ. ಮೂವತ್ತು ದಿನ. ಮೂವತ್ತೊಂದನೇ ದಿನ ಮೇಜು ನನಗೆ ಬೇಕು, ಅಷ್ಟೇ."

ಹಳೆಯ ಸಣ್ಣ ಟ್ಯಾಂಕ್ ತೊಳೆದು, ಇಸ್ತ್ರಿ ಕೋಣೆಯಲ್ಲಿ ಮೇಜಿನ ಮೇಲಿಟ್ಟು, ನೀರು ತುಂಬಿ, ನೀಲಮ್ಮನನ್ನು ಬಿಟ್ಟಾಯಿತು. ಮಾವ ಊಟಕ್ಕೆ ನನಗೆ ಬೆನ್ನು ಹಾಕಿ ಕುಳಿತರು. ಹದಿನಾಲ್ಕು ವರ್ಷದಲ್ಲಿ ಅವರ ವಿರುದ್ಧ ನಾನು ಗೆದ್ದ ಮೊದಲ ಕೇಸು. ಅನ್ನ ಸ್ವಲ್ಪ ಜಾಸ್ತಿಯೇ ಸೇರಿತು.

ಮಾರ್ಚ್ 3, ಸೋಮವಾರ

ದೊಡ್ಡದು 26, ಇಸ್ತ್ರಿ 26.5.

ಇಸ್ತ್ರಿ ಕೋಣೆಯ ಬಾಗಿಲಿಗೆ ನೋಟಿಸ್ ಅಂಟಿಸಿದೆ. ದಪ್ಪ ಅಕ್ಷರ. ಈ ಕೋಣೆಯ ಬಲೆ, ಬಕೆಟ್, ಟವೆಲ್ ಹಾಲ್‌ಗೆ ಹೋಗಕೂಡದು. ಹಾಲ್‌ನದು ಇಲ್ಲಿಗೆ ಬರಕೂಡದು. ಕೈ ತೊಳೆಯದೆ ಯಾರೂ ಯಾವ ನೀರನ್ನೂ ಮುಟ್ಟಕೂಡದು. ಇಲ್ಲಿನ ಬಕೆಟ್ಟಿಗೆ ಕೆಂಪು ಟೇಪು ಸುತ್ತಿದೆ.

ಮಾವ ಕನ್ನಡಕ ಏರಿಸಿ ಪೂರ್ತಿ ಓದಿದರು. ಮೂವತ್ತೊಂದು ವರ್ಷ ಲಿಫ್ಟ್ ಇನ್ಸ್‌ಪೆಕ್ಟರ್ ಆಗಿದ್ದವರು. ಊರಿನ ಅರ್ಧದಷ್ಟು ಲಿಫ್ಟುಗಳಿಗೆ 'ಸುರಕ್ಷಿತ' ಎಂದು ಸಹಿ ಹಾಕಿದ್ದಾರೆ. ತಾವು ಮಾತ್ರ ಮೆಟ್ಟಿಲು ಹತ್ತುತ್ತಾರೆ.

"ನಾನೂ ಜೀವಮಾನ ಪೂರ್ತಿ ಇಂಥವೇ ಅಂಟಿಸಿದೀನಿ" ಅಂದರು. "ಆರು ಜನ ಮಾತ್ರ ಅಂತ ಬರೆದಿರುತ್ತೆ. ಏಳನೆಯವನು ಒಳಗೆ ಬಂದೇ ಅದನ್ನ ಓದೋದು."

ಮಾರ್ಚ್ 5, ಬುಧವಾರ

ದೊಡ್ಡದು 26, ಇಸ್ತ್ರಿ 26.

ಅಂಗಡಿಯಿಂದ ಭೂತಗನ್ನಡಿ ತಂದೆ. (ನನ್ನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ, ಫ್ರೇಮು, ಗಾಜು.) ಹುಡುಕಬೇಕಾದದ್ದು ಬಿಳಿ ಚುಕ್ಕೆ — ಉಪ್ಪಿನ ಕಾಳಿನಷ್ಟು. ನೀಲಮ್ಮ ಸಹಕರಿಸುವುದಿಲ್ಲ. ಗಿರಾಕಿಗೆ ಗದ್ದ ಇಡಲು ಒಂದು ಸ್ಟ್ಯಾಂಡಾದರೂ ಇರುತ್ತದೆ. ಇಪ್ಪತ್ತು ನಿಮಿಷ ನೋಡಿದೆ. ಎಡಮೈ ಶುದ್ಧ. ಬಲಮೈ ತೋರಿಸಲು ಅವಳು ಒಪ್ಪಲಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬ ಹಿರಿಯರಿಗೆ "ಸ್ವಲ್ಪ ಈ ಕಡೆ ಈಜಿ" ಅಂದೆನಂತೆ. ನನಗೆ ನೆನಪಿಲ್ಲ. ಅವರು ಕನ್ನಡಕ ಮಾಡಿಸದೆ ಹೋದರು.

ಮಾರ್ಚ್ 9, ಭಾನುವಾರ

ದೊಡ್ಡದು 26, ಇಸ್ತ್ರಿ 26.5. ಚುಕ್ಕೆ ಇಲ್ಲ.

ಅಂಗಿಗಳು ಮುದ್ದೆ. ನೆಲದ ಮೇಲೆ ಕಂಬಳಿ ಹಾಸಿ ಇಸ್ತ್ರಿ ಮಾಡಲು ಹೋಗಿ ಕಾಲರು ಸುಟ್ಟೆ. ಹೆಂಡತಿ ಹಲ್ಲಿನ ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಕೂರುವವಳು. ಸುಕ್ಕಿನ ಸೀರೆ ಉಟ್ಟು ಹೋಗುವಂತಿಲ್ಲ. ಈಗ ಪಕ್ಕದ ಮನೆಯವರ ಮೇಜು. ಅವರು ಏನಾಯ್ತು ಎಂದು ಕೇಳಿದರಂತೆ. "ನಮ್ಮ ಮೇಜಿನ ಮೇಲೆ ಒಬ್ಬರು ಆರಾಮ ತಗೊಳ್ತಾ ಇದಾರೆ ಅಂದೆ. ಯಾರಿಗೆ ಹುಷಾರಿಲ್ಲ ಅಂತ ಕೇಳಿದ್ರು. ಯಾರಿಗೂ ಇಲ್ಲ, ಅದನ್ನೇ ಖಾತ್ರಿ ಮಾಡ್ಕೋತಾ ಇದೀವಿ ಅಂದೆ."

ಮಾರ್ಚ್ 13, ಗುರುವಾರ

ಎರಡೂ 26.

ಮಾವ ಬದಲಾಗಿದ್ದಾರೆ. ಗೊಣಗಾಟವಿಲ್ಲ. ಬೆಳಿಗ್ಗೆ ಆರೂವರೆಗೆ ಎದ್ದು, ಕೈ ತೊಳೆದು, ಸ್ಟೀಲಿನ ಲೋಟ ಹಿಡಿದು ಇಸ್ತ್ರಿ ಕೋಣೆಗೆ ಹೋಗುತ್ತಾರೆ. ಕಾಫಿ ಕುಡಿಯುತ್ತ ನೀಲಮ್ಮನ ಜೊತೆ ಕೂರುತ್ತಾರಂತೆ. ಹೊರಗೆ ಬಂದಾಗ ಸಣ್ಣಗೆ ಗುನುಗುತ್ತಿರುತ್ತಾರೆ. ನೋಟಿಸಿನ ಅಂಚು ಎದ್ದಿತ್ತು. ತಾವೇ ಅಂಟು ಹಚ್ಚಿ ಸರಿಮಾಡಿದ್ದಾರೆ.

"ಮಾವ ಒಪ್ಪಿಕೊಂಡುಬಿಟ್ಟರು ಕಣೇ" ಅಂದೆ.

"ಅಪ್ಪ ಒಪ್ಪಿಕೊಂಡ್ರೆ ನನಗೆ ಭಯ ಆಗುತ್ತೆ" ಅಂದಳು.

ಹೆಣ್ಣುಮಕ್ಕಳು ತಂದೆಯನ್ನು ಅರ್ಥ ಮಾಡಿಕೊಳ್ಳುವುದೇ ಇಲ್ಲ.

ಮಾರ್ಚ್ 16, ಭಾನುವಾರ. ಬೆಳಿಗ್ಗೆ 9.00

ಹೆಂಡತಿ ಬಾಗಿಲಿಂದಲೇ ಕಂಡಳು. ಹನ್ನೊಂದು ದಿನದಿಂದ ನಾನು ಭೂತಗನ್ನಡಿ ಹಿಡಿದು ಗಾಜಿಗೆ ಮೂಗು ತಿಕ್ಕುತ್ತಿದ್ದೇನೆ, ಅವಳು ಒಗೆದ ಬಟ್ಟೆ ಇಡಲು ಬಂದವಳು, "ಏನ್ರೀ, ಇದರ ಮೇಲೆ ಉಪ್ಪು ಉದುರಿಸಿದೀರಾ?" ಅಂದಳು.

ಬಲಮೈ. ಹನ್ನೊಂದು ಚುಕ್ಕೆ. ಬಿಳಿ ಚುಕ್ಕೆ ರೋಗ, ಪುಸ್ತಕದಲ್ಲಿ ಬರೆದ ಹಾಗೆ.

ಮನುಷ್ಯ ಎಷ್ಟು ನೀಚ ಎಂಬುದಕ್ಕೆ ಇಲ್ಲೊಂದು ದಾಖಲೆ ಇರಲಿ: ಮೊದಲು ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಪಾಪ ಅನಿಸಿತು. ಮತ್ತೆ ಸಂತೋಷವಾಯಿತು. ನೇರ ಹಾಕಿದ್ದರೆ ಇವತ್ತು ಹೆಡ್‌ಮಾಸ್ಟರ ಗತಿ? ಸಣ್ಣದೊಂದು ಭಾಷಣ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ. ವಿನಯದಿಂದ ಆರಂಭ, ವಿನಯದಿಂದಲೇ ಅಂತ್ಯ, ನಡುವೆ ಎರಡು ಏಟು. ಮಾವನ ಹತ್ತಿರ ಹೋಗುತ್ತಿದ್ದೇನೆ.

10.30

ಭಾಷಣ ಮೂರನೇ ವಾಕ್ಯಕ್ಕೆ ನಿಂತಿತು. ಮಾವನ ಮುಖ ಬಿಳಿಚಿತ್ತು.

"ಈ ಚುಕ್ಕೆ... ನೀರಲ್ಲಿ ಇರುತ್ತಾ?"

"ನೀರಲ್ಲೇ ಹರಡೋದು ಮಾವ. ಅದಕ್ಕೇ ಬಕೆಟ್ ಬೇರೆ, ಬಲೆ ಬೇರೆ ಅಂತ ಅಷ್ಟು ಬಡ್ಕೊಂಡಿದ್ದು."

"ಎಷ್ಟು ನೀರಲ್ಲಿ?"

"ಒಂದು ಹನಿ ಸಾಕು."

"ಒಂದು ಲೋಟ ಅಂದ್ರೆ?"

ನಾನು ಕುಳಿತುಕೊಂಡೆ.

ಹೊರಬಂದ ವಿಷಯ ಇಷ್ಟು. ಮಾರ್ಚ್ ನಾಲ್ಕರಿಂದ ಮಾವ ಪ್ರತಿದಿನ ಬೆಳಿಗ್ಗೆ ಇಸ್ತ್ರಿ ಕೋಣೆಯಿಂದ ಒಂದು ಲೋಟ ನೀರು ತಂದು ದೊಡ್ಡ ಟ್ಯಾಂಕಿಗೆ ಸುರಿದಿದ್ದಾರೆ. ದೊಡ್ಡ ಟ್ಯಾಂಕಿನಿಂದ ಒಂದು ಲೋಟ ಒಯ್ದು ನೀಲಮ್ಮನಿಗೆ ಸುರಿದಿದ್ದಾರೆ. ಲೆಕ್ಕ ಸಮ, ಯಾರಿಗೂ ಅನ್ಯಾಯವಿಲ್ಲ. ಕಾರಣ — ಪರಿಚಯ. ಮೂವತ್ತನೇ ದಿನ ಒಮ್ಮೆಲೇ ಎದುರುಬದುರು ತಂದು ನಿಲ್ಲಿಸಿದರೆ ಹೆಡ್‌ಮಾಸ್ಟರ್ ಅವಳನ್ನು ಸಿಗಿದುಹಾಕುತ್ತಾರೆ. ದಿನಾ ಒಬ್ಬರ ವಾಸನೆ ಇನ್ನೊಬ್ಬರಿಗೆ ತಲುಪಿದರೆ, ಓಹೋ ಇವರೇನಾ ಎಂದು ಸುಮ್ಮನಿರುತ್ತಾರೆ. ಸಂಬಂಧ ಬೆಳೆಸುವ ಪದ್ಧತಿ.

"ಮಾವ, ನೋಟಿಸಲ್ಲಿ ಅಷ್ಟು ಸ್ಪಷ್ಟವಾಗಿ—"

"ನೋಟಿಸಲ್ಲಿ ಬಲೆ ಇದೆ, ಬಕೆಟ್ ಇದೆ, ಟವೆಲ್ ಇದೆ, ಕೈ ಇದೆ. ಕೈ ತೊಳೆದೇ ಮಾಡಿದೀನಿ." ಧ್ವನಿ ಇಳಿಯಿತು. "ಲೋಟ ಇರಲಿಲ್ಲ, ಅಳಿಯಂದ್ರೇ."

ಮೂವತ್ತೊಂದು ವರ್ಷ ನಿಯಮಾವಳಿ ಓದಿದ ಮನುಷ್ಯನ ಮುಂದೆ ನಾನು ನಿಯಮ ಬರೆದಿದ್ದೆ. ಹದಿಮೂರು ದಿನ. ಹದಿಮೂರು ಲೋಟ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 7.15

ಸಮುದ್ರರಾಜನಿಂದ ತಾಮ್ರದ ಔಷಧಿ ತಂದು ನೀಲಮ್ಮನ ನೀರಿಗೆ ಹಾಕಿದ್ದೇನೆ. ಮಾವನ ಮೇಲೆ ಸಿಟ್ಟು ಇಳಿದಿಲ್ಲ. ರಾತ್ರಿ ಊಟದಲ್ಲಿ ಉಪ್ಪು ಕೇಳಿದರು; ಮುಖ ನೋಡದೆ ಸರಿಸಿದೆ.

ದೊಡ್ಡದು 26. ಇಸ್ತ್ರಿ—

7.40

ಉಷ್ಣತೆ ಬರೆಯುವಾಗ ಹೆಂಡತಿ ಹಿಂದೆ ನಿಂತಿದ್ದಳು.

"ರೀ, ಮನೇಲಿ ಎಷ್ಟು ಥರ್ಮಾಮೀಟರ್ ಇದೆ?"

"ಒಂದು."

"ಹಾಲ್‌ನಲ್ಲಿ ಅದ್ದಿ, ಇಲ್ಲಿ ತಂದು ಅದ್ದಿ, ನಾಳೆ ಮತ್ತೆ ಅಲ್ಲಿ ಅದ್ದೋದು ಅದೇನಾ?"

ಥರ್ಮಾಮೀಟರಿನ ತುದಿಯಿಂದ ಒಂದು ಹನಿ ನನ್ನ ಪಾದದ ಮೇಲೆ ಬಿತ್ತು.

"ನಮ್ಮ ಆಸ್ಪತ್ರೇಲಿ ಒಬ್ಬರ ಬಾಯಿಗೆ ಹಾಕಿದ್ದನ್ನ ಹಾಗೇ ಇನ್ನೊಬ್ಬರ ಬಾಯಿಗೆ ಹಾಕಿದ್ರೆ ಪೊಲೀಸ್ ಕರೀತಾರೆ" ಅಂದಳು.

ಥರ್ಮಾಮೀಟರೂ ನೋಟಿಸಿನಲ್ಲಿ ಇರಲಿಲ್ಲ. ಬರೆದವನು ನಾನೇ. ಮಾವನಿಗೆ ಹೋಗಿ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮಾವ "ಕೂತ್ಕೊಳ್ಳಿ" ಅಂದರು. ತಮ್ಮ ಪಾಲಿನ ಬಿಸ್ಕೆಟ್ ತಟ್ಟೆ ನನ್ನ ಕಡೆಗೆ ತಳ್ಳಿದರು. ಕಳ್ಳರಿಬ್ಬರೂ ಕಾಫಿ ಕುಡಿದೆವು.

ಮಾರ್ಚ್ 19, ಬುಧವಾರ

ಹೊಸ ಥರ್ಮಾಮೀಟರ್ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಹೆಡ್‌ಮಾಸ್ಟರ್ ಇವತ್ತು ಬಂಡೆಗೆ ಮೈ ಉಜ್ಜಿದರು, ತುರಿಕೆ ಇದ್ದವರ ಹಾಗೆ. ಒಂದು ಸಲ. ಚುಕ್ಕೆ ಇಲ್ಲ. ಸಮುದ್ರರಾಜ ಫೋನಿನಲ್ಲಿ ಹೇಳಿದ್ದು: ದೊಡ್ಡ ಟ್ಯಾಂಕಿಗೆ ತಾಮ್ರ ಹಾಕುವಂತಿಲ್ಲ, ಬಂಡೆಯ ಮೇಲಿನ ಹವಳ ಸತ್ತುಹೋಗುತ್ತದೆ. ಮೀನನ್ನೇ ಹೊರಗೆ ತೆಗೆದು ನೀಲಮ್ಮನ ಜೊತೆ ಔಷಧಿಯಲ್ಲಿಡಬೇಕು. ದೊಡ್ಡ ಟ್ಯಾಂಕ್ ಎಪ್ಪತ್ತಾರು ದಿನ ಖಾಲಿ. ತಿನ್ನಲು ಮೀನು ಸಿಗದೆ ರೋಗ ತಾನಾಗಿ ಸಾಯುತ್ತದೆ.

ಮಾವ ಕೇಳಿಸಿಕೊಂಡರು. "ಒಂಬತ್ತು ವರ್ಷದಿಂದ ಆ ಸಂದಿ ಬಿಟ್ಟು ಎಲ್ಲೂ ಮಲಗಿಲ್ಲ ಅದು. ಬಂಡೆ ಎಲ್ಲಾ ಕಿತ್ತು, ಬಲೆ ಬೀಸಿ ಓಡಿಸಾಡಿದ್ರೆ ಗಾಬರಿಗೇ ಹೋಗಿಬಿಡುತ್ತೆ. ಇನ್ನೊಂದು ದಿನ ನೋಡೋಣ."

ಇಂದೇ ತೆಗೆಯಬೇಕೆಂದು ನನಗೆ ಗೊತ್ತು. ಹೇಳಲು ಬಾಯಿ ತೆರೆದೆ. "ಆಯ್ತು ಮಾವ" ಎಂಬುದು ಹೊರಗೆ ಬಂತು.

ಮಾರ್ಚ್ 24, ಸೋಮವಾರ

ನಾಲ್ಕು ದಿನ ಬರೆಯಲಿಲ್ಲ. ಬರೆದಿದ್ದರೆ ದಿನಕ್ಕೊಂದೇ ವಾಕ್ಯ: ಇನ್ನೊಂದು ದಿನ ನೋಡೋಣ.

ಇವತ್ತು ನೋಡಲು ಏನೂ ಉಳಿದಿಲ್ಲ. ಹೆಡ್‌ಮಾಸ್ಟರ ಬಿಳಿ ಪಟ್ಟಿಯ ಮೇಲೆ ಬಿಳಿ ಚುಕ್ಕೆ ಕಾಣುವುದಿಲ್ಲ. ಕೆಂಪಿನ ಮೇಲೆ ಕಂಡವು. ಎಣಿಸಲಾಗದಷ್ಟು. ಉಸಿರು ಜೋರು. ಮಾವ ಕೈ ಇಳಿಬಿಟ್ಟಾಗ ಹೆಡ್‌ಮಾಸ್ಟರ್ ಹತ್ತಿರ ಬಂದರು, ಕಚ್ಚಲಿಲ್ಲ.

ಅಂಗಡಿಗೆ ರಜೆ ಹಾಕಿದೆ. ಮಾವನ ಎದುರು ನಿಂತು, "ಈಗಲೇ ತೆಗೀಬೇಕು ಮಾವ. ನಿಮ್ಮನ್ನ ಕೇಳ್ತಾ ಇಲ್ಲ, ಹೇಳ್ತಾ ಇದೀನಿ" ಅಂದೆ. ಹದಿನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ಅಂಥ ವಾಕ್ಯ ನನ್ನ ಬಾಯಿಂದ ಬಂದಿರಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

ಮಾವ ಎದ್ದರು. ಅಂಗಿಯ ತೋಳು ಮಡಿಸಿದರು. "ಬಲೆ ಬೇಡ. ಬಲೆ ಕಂಡ್ರೆ ಒಳಗೆ ಸೇರ್ಕೊಳ್ಳುತ್ತೆ. ನಾನು ಕೈ ಬಿಡ್ತೀನಿ. ಕೈ ನೋಡಿ ಬರುತ್ತೆ. ನೀವು ಕೆಳಗಿಂದ ಜಗ್ಗು ತನ್ನಿ."

ಅಳತೆಯ ಪಾರದರ್ಶಕ ಜಗ್ಗು. ನಾನು ಮೊಣಕೈವರೆಗೆ ನೀರಲ್ಲಿ. ಮಾವನ ಕೈ ನೀರೊಳಗೆ ಅಲುಗದೆ ನಿಂತಿತ್ತು. ಹತ್ತು ನಿಮಿಷ. ಇಪ್ಪತ್ತು. ನನ್ನ ಭುಜ ಕಳಚಿ ಬೀಳುವಂತಿತ್ತು. ಎಪ್ಪತ್ತೆರಡರ ಮಾವನ ಭುಜ ಏನೆನ್ನುತ್ತಿತ್ತೋ. ಹೆಡ್‌ಮಾಸ್ಟರ್ ಸಂದಿಯಿಂದ ಬಂದರು. ನಿಧಾನವಾಗಿ. ಪರಿಚಯದ ಬೆರಳಿನ ತುದಿಗೆ ಬಂದು ನಿಂತರು.

"ಈಗ" ಅಂದರು ಮಾವ, ಉಸಿರಲ್ಲಿ.

ಎತ್ತಿದೆ. ಜಗ್ಗಿನೊಳಗೆ ಹೆಡ್‌ಮಾಸ್ಟರ್ ಒಂದು ಸುತ್ತು ತಿರುಗಿ ಮಾವನ ಕಡೆ ನೋಡಿದರು. ಮಾವ ಮುಖ ಆಚೆ ತಿರುಗಿಸಿಕೊಂಡು, "ನಂಬಿದವರ ಕೈಯಲ್ಲೇ ಹಿಡಿಸಿದ ಹಾಗಾಯ್ತು" ಅಂದರು. ಟವೆಲ್ ಕೊಟ್ಟೆ. ಹಾಲ್‌ನ ಟವೆಲ್.

ಮಾರ್ಚ್ 25, ಮಂಗಳವಾರ

ಇಸ್ತ್ರಿ ಮೇಜಿನ ಮೇಲೆ ಈಗ ಇಬ್ಬರು ರೋಗಿಗಳು. ನಡುವೆ ತೂತುಗಳ ಪ್ಲಾಸ್ಟಿಕ್ ತಡೆ. ಒಬ್ಬರನ್ನೊಬ್ಬರು ನೋಡಿ ಗಾಬರಿಯಾಗಬಾರದೆಂದು ಅದಕ್ಕೆ ರಟ್ಟು ಕಟ್ಟಿದ್ದೇನೆ. ನೀಲಮ್ಮನ ಮೈ ಶುದ್ಧವಾಗುತ್ತ ಬಂದಿದೆ, ಹಸಿವು ಹೆಚ್ಚಾಗಿದೆ. ಹೆಡ್‌ಮಾಸ್ಟರ್ ಮೂಲೆ ಹಿಡಿದಿದ್ದಾರೆ. ಹಾಕಿದ್ದನ್ನು ಮುಟ್ಟಲಿಲ್ಲ.

ಮೂವತ್ತು ದಿನ ಎಪ್ಪತ್ತಾರಾದದ್ದನ್ನು ಹೆಂಡತಿಗೆ ಹೇಳಿದೆ. ಅವಳು ಬೆರಳು ಮಡಿಸಿ ಎಣಿಸಿದಳು. "ಜೂನ್" ಅಂದಳು. ಅಷ್ಟೇ ಅಂದಳು.

ಮಾರ್ಚ್ 28, ಶುಕ್ರವಾರ

ನಾಲ್ಕು ದಿನ. ತಿಂದಿಲ್ಲ. ಚುಕ್ಕೆ ಉದುರಿವೆ, ಹೊಸದು ಬಂದಿಲ್ಲ. ರೋಗ ಹೋಯಿತು, ರೋಗಿಗೆ ತಿಳಿಸುವವರು ಯಾರು?

ಹೆಪ್ಪುಗಟ್ಟಿದ ಸೀಗಡಿ ಕರಗಿಸಿ, ಚೂರು ಮಾಡಿ, ಬೆಳ್ಳುಳ್ಳಿ ರಸ ಹಿಂಡಿ ಕೊಟ್ಟದ್ದೂ ಆಯಿತು. ಮುಖ ತಿರುಗಿಸಿದರು. ಮಾವ ಹಾಲ್‌ಗೆ ಬರುವುದನ್ನೇ ಬಿಟ್ಟಿದ್ದಾರೆ. ಅಲ್ಲಿ ಖಾಲಿ ಟ್ಯಾಂಕಿನಲ್ಲಿ ಪಂಪು ಓಡುತ್ತಿರುತ್ತದೆ. ಇಸ್ತ್ರಿ ಕೋಣೆಯಲ್ಲಿ ಸ್ಟೂಲು ಹಾಕಿ ಕೂರುತ್ತಾರೆ, ಅಲ್ಲೇ ಪೇಪರು, ಅಲ್ಲೇ ಕಾಫಿ. ಇವತ್ತು ಅವರ ತಟ್ಟೆಯಲ್ಲೂ ಅರ್ಧ ಉಳಿದಿತ್ತು.

ಏಪ್ರಿಲ್ 1, ಮಂಗಳವಾರ. ಬೆಳಿಗ್ಗೆ 8.00

ಎಂಟು ದಿನ. ಹೆಡ್‌ಮಾಸ್ಟರ ಬೆನ್ನು ತೆಳ್ಳಗಾಗಿದೆ. ಇನ್ನೆರಡು ದಿನದಲ್ಲಿ ತಿನ್ನದಿದ್ದರೆ ಕಷ್ಟ ಎಂದ ಸಮುದ್ರರಾಜ. ಅವನ ಧ್ವನಿಯಲ್ಲೂ ವ್ಯಾಪಾರ ಇರಲಿಲ್ಲ.

ಮಾವ ಸ್ಟೂಲಿನಿಂದಲೇ ಕೇಳಿದರು: "ಆ ರಟ್ಟು ತೆಗೀಬಹುದಾ ಅಳಿಯಂದ್ರೇ?"

ಕೇಳಿದರು. ತೆಗೆಯಿರಿ ಅನ್ನಲಿಲ್ಲ.

"ಬೇಡ ಮಾವ. ಎಲ್ಲಾ ಕಡೆ ಬರೆದಿದಾರೆ, ಹುಷಾರಿಲ್ಲದ ಮೀನಿಗೆ ಎದುರಾಳಿ ಕಂಡ್ರೆ ಒತ್ತಡ ಆಗುತ್ತೆ ಅಂತ."

"ಆಗಲಿ ಅಂತಾನೇ. ಅದಕ್ಕೆ ಬೈಯೋಕೆ ಯಾರಾದ್ರೂ ಬೇಕು. ಗೋಡೆ ನೋಡ್ಕೊಂಡು ಯಾವ ಹೆಡ್‌ಮಾಸ್ಟರು ಊಟ ಮಾಡ್ತಾರೆ?"

ಹದಿಮೂರು ಲೋಟ ನೆನಪಾದವು. ಥರ್ಮಾಮೀಟರೂ ನೆನಪಾಯಿತು.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು, ಸುಕ್ಕು ಸೀರೆಯಲ್ಲಿ. "ಎಂಟು ದಿನ ನಿಮ್ಮ ಪದ್ಧತಿ ನಡೀತು. ಒಂದು ಹೊತ್ತು ಅಪ್ಪಂದು ನಡೀಲಿ" ಅಂದಳು.

8.25

ರಟ್ಟು ತೆಗೆದೆ. ಹೆಡ್‌ಮಾಸ್ಟರ್ ಅಲುಗಲಿಲ್ಲ. ನೀಲಮ್ಮ ತಡೆಯ ಹತ್ತಿರ ಬಂದು ಇಣುಕಿದಳು. ಮಾವ ಅವಳ ಕಡೆ ಸೀಗಡಿ ಚೂರು ಬಿಟ್ಟರು, ಬೇಕೆಂದೇ ತಡೆಯ ಅಂಚಿಗೆ. ಅವಳು ನಾಚಿಕೆ ಮಾನ ಇಲ್ಲದೆ ನುಂಗಿದಳು. ಇನ್ನೊಂದು. ಅದನ್ನೂ ನುಂಗಿದಳು.

ಮೂಲೆಯಲ್ಲಿ ಒಂದು ರೆಕ್ಕೆ ಬಿಚ್ಚಿಕೊಂಡಿತು.

ಹೆಡ್‌ಮಾಸ್ಟರ್ ತಡೆಯವರೆಗೆ ಬಂದು ಢೀ ಕೊಟ್ಟರು. ಮೈಯೆಲ್ಲ ಉಬ್ಬಿಸಿ ನಿಂತರು. ನನ್ನ ಶಾಲೆಯಲ್ಲಿ ನಿನಗೆ ಊಟ ಕೊಟ್ಟವರು ಯಾರು ಎಂಬ ಭಂಗಿ. ಮಾವ ಈಚೆ ಬದಿಗೆ ಒಂದು ಚೂರು ಬಿಟ್ಟರು. ಹೆಡ್‌ಮಾಸ್ಟರ್ ಅದನ್ನು ಹಿಡಿದರು. ಉಗುಳಿದರು. ನೀಲಮ್ಮ ಅದರ ಕಡೆ ನೋಡಿದ್ದು ಕಂಡು ತಿರುಗಿ ಹಿಡಿದರು. ನುಂಗಿದರು.

ನಾಲ್ಕು ಚೂರು ತಿಂದರು. ನಾನು ಎಣಿಸಿದೆ, ಹೆಂಡತಿ ಎಣಿಸಿದಳು. ಮಾವನಿಗೆ ಎಣಿಸಲಾಗಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸಿ ಒರೆಸಿ, ಹಾಕಿಕೊಳ್ಳದೆ ಮತ್ತೆ ಒರೆಸಿದರು.

"ನೋಡಿದ್ರಾ" ಅಂದರು ಆಮೇಲೆ, ಕನ್ನಡಕ ಏರಿಸಿಕೊಂಡು. "ಪರಿಚಯ. ನಾನು ಮೊದಲೇ ಹೇಳಿದ್ದೆ."

"ಮಾವ, ಆ ಪರಿಚಯದಿಂದಲೇ ಅಲ್ವಾ ಇದಕ್ಕೆ ರೋಗ—"

"ಅದು ಬೇರೆ ವಿಷಯ."

9.10

ಅಂಗಡಿಗೆ ತಡವಾಗಿದೆ. ಆದರೂ ಇದನ್ನು ಬರೆದೇ ಹೋಗಬೇಕು. ಯಾರೂ ಓದದ ಪುಸ್ತಕ ಇದು, ಇಲ್ಲಿ ಸುಳ್ಳು ಬರೆದು ಆಗಬೇಕಾದ್ದೇನೂ ಇಲ್ಲ. ಮೂವತ್ತು ದಿನಗಳ ಅನುಭವ, ಎರಡು ಮೀನು, ಸುಟ್ಟ ಕಾಲರು, ಎಲ್ಲವನ್ನೂ ತೂಗಿ ನೋಡಿ ನಿಷ್ಪಕ್ಷಪಾತವಾಗಿ ದಾಖಲಿಸುತ್ತಿದ್ದೇನೆ: ಲೋಟದ ವಿಷಯ ಬಿಟ್ಟು, ಉಳಿದಂತೆ, ಒಟ್ಟಿನಲ್ಲಿ, ಈ ಒಂದು ಸಂದರ್ಭಕ್ಕೆ ಮಾತ್ರ ಸೀಮಿತವಾಗಿ, ಮಾವ ಹೇಳಿದ್ದು ಸ—